ಗೇಮ್ ನಮ್ಮ ಕೂಗಿಗೆ ಓಗೊಡಬೇಕು

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವನು, ವಯಸ್ಸು 37. ಅಡಿಕೆ ತೋಟ ನೋಡಿಕೊಂಡಿದ್ದೇನೆ. ಕಳೆದ ದೀಪಾವಳಿಗೆ ಪಿಎಸ್5 (ಪ್ಲೇಸ್ಟೇಷನ್ 5) ಗೇಮ್ ಮೆಷಿನ್ ತಂದೆ. ಜೊತೆಗೆ ಸುಮಾರು ನಾಲ್ಕು ಸಾವಿರ ಕೊಟ್ಟು ಎಲ್ಲಿ ಬೇಕಾದರೂ ತಿರುಗಾಡುವಂಥ ಒಂದು ದೊಡ್ಡ ಓಪನ್ ವರ್ಲ್ಡ್ ಗೇಮ್ ತಗೊಂಡೆ. ಗ್ರಾಫಿಕ್ಸ್ ನೋಡಿದರೆ ಕಣ್ಣು ತಣಿಯುತ್ತೆ. ಆದರೆ ಹನ್ನೆರಡು ಗಂಟೆ ಆಡಿದ ಮೇಲೆ ಕಂಟ್ರೋಲರ್ ಕಡೆ ಕೈಯೇ ಹೋಗುತ್ತಿಲ್ಲ. ಮೊನ್ನೆ ಅಟ್ಟ ಗುಡಿಸುವಾಗ ನಮ್ಮ ಹಳೇ ಟಿವಿ ಗೇಮ್ ಸಿಕ್ಕಿತು. ಬೆಂಗಳೂರಿನಿಂದ ತಮ್ಮನೂ ಬಂದಿದ್ದ. ಕ್ಯಾಸೆಟ್ ಊದಿ, ಹಳೇ ಡಬ್ಬಾ ಟಿವಿಗೆ ಹಾಕಿ, ಇಬ್ಬರೂ ಕಾಂಟ್ರಾ ಆಡಲು ಕೂತವರು ರಾತ್ರಿ ಒಂದು ಗಂಟೆಯಾದರೂ ಏಳಲಿಲ್ಲ. "ಅಷ್ಟು ದುಡ್ಡು ಕೊಟ್ಟು ತಂದಿದ್ದು ಬಿಟ್ಟು ಇದಕ್ಯಾಕೆ ಕೂತಿರಿ?" ಅಂತ ಹೆಂಡತಿ ಕೇಳಿದಳು. ಉತ್ತರ ಹೊಳೆಯಲಿಲ್ಲ. ಸರ್, ಗೇಮ್ ಖುಷಿ ಕೊಡೋದು ಯಾವುದರಿಂದ? ನನಗೆ ವಯಸ್ಸಾಯ್ತಾ? ಮುಂದೆ ಎಂಥ ಗೇಮ್ ತಗೊಂಡರೆ ದುಡ್ಡು ದಂಡ ಆಗಲ್ಲ?

ಉತ್ತರ: ವಯಸ್ಸಿನ ಮಾತು ಮೊದಲು ಮುಗಿಸಿಬಿಡೋಣ. ರಾತ್ರಿ ಒಂದು ಗಂಟೆವರೆಗೆ ಕಾಂಟ್ರಾ ಆಡಿದವರಿಗೆ ವಯಸ್ಸಾಗಿದೆ ಅಂದರೆ ನಾನು ಒಪ್ಪುವುದಿಲ್ಲ. ಆಡುವ ಆಸೆ ನಿಮ್ಮಲ್ಲಿ ಹಾಗೇ ಇದೆ. ನಿಮಗೆ ಸಿಕ್ಕ ದೊಡ್ಡ ಗೇಮ್ ಆ ಆಸೆಯನ್ನು ಮಾತಾಡಿಸಿಲ್ಲ.

ನಾನು ಆಡಲು ಶುರು ಮಾಡಿದ್ದು ಶಿವಮೊಗ್ಗದ ದುರ್ಗಿಗುಡಿ ಹತ್ತಿರ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುವ ಒಂದು ಪುಟ್ಟ ಅಂಗಡಿಯಲ್ಲಿ. ಆಮೇಲೆ ಬೆಂಗಳೂರಿನಲ್ಲಿ ಒಂಬತ್ತು ವರ್ಷ ಗೇಮ್ ಟೆಸ್ಟಿಂಗ್ ಕೆಲಸ ಮಾಡಿದೆ. ಹೊಸಬರನ್ನು ಕರೆಸಿ ಆಡಿಸುತ್ತಿದ್ದೆವು. ನಾವು ಪಕ್ಕದಲ್ಲಿ ಸುಮ್ಮನೆ ಕೂತು ಅವರ ಕೈ ನೋಡಬೇಕು. ಒಂದು ಗೇಮಿನಲ್ಲಿ ಬಾಗಿಲು ತೆರೆಯಲು ಬಟನ್ ಒತ್ತಿ ಹಿಡಿದುಕೊಳ್ಳಬೇಕಿತ್ತು. ಎಲ್ಲರೂ ಒತ್ತಿ ಬಿಟ್ಟುಬಿಡುತ್ತಿದ್ದರು. ಬಾಗಿಲು ತೆರೆಯುತ್ತಿರಲಿಲ್ಲ. ಇನ್ನೊಂದು ಸಲ ಒತ್ತುತ್ತಿದ್ದರು, ಆಮೇಲೆ ಓದಿಕೊಂಡು ಹಿಡಿದುಕೊಳ್ಳುತ್ತಿದ್ದರು. ಪ್ರತಿ ಬಾಗಿಲಿಗೂ ಇದೇ ಕಥೆ. ಕೊನೆಗೆ ಅಭಿಪ್ರಾಯ ಬರೆಯಲು ಹಾಳೆ ಕೊಟ್ಟರೆ ಬಾಗಿಲಿನ ಸುದ್ದಿಯನ್ನು ಒಬ್ಬರೂ ಬರೆಯಲಿಲ್ಲ. "ಕಥೆ ಸ್ವಲ್ಪ ಬೋರ್" ಅಂತ ಬರೆದರು. ಬೇಸರ ಹುಟ್ಟಿದ್ದು ಹೆಬ್ಬೆರಳಲ್ಲಿ, ಅವರಿಗೆ ಅನ್ನಿಸಿದ್ದು ಕಥೆಯಲ್ಲಿ. ಅವತ್ತಿನಿಂದ ನನಗೆ ಯಾರಾದರೂ "ಯಾಕೋ ಬೋರ್" ಅಂದರೆ ಮೊದಲು ಕೈ ಕಡೆ ನೋಡುವ ಅಭ್ಯಾಸ.

ನಮ್ಮ ಕಡೆ ಮನೆಗಳು ದೂರ ದೂರ ಅಲ್ವಾ? ಗುಡ್ಡದ ಮೇಲೆ ನಿಂತು "ಕೂ" ಅಂತ ಕೂಗು ಹಾಕಿದರೆ ಕೆಳಗೆ ತೋಟದಿಂದ ತಿರುಗಿ "ಕೂ" ಅನ್ನಬೇಕು. ಬಂತು ಅಂದರೆ ಮನಸ್ಸಿಗೆ ಹಾಯೆನಿಸುತ್ತದೆ. ಬರಲಿಲ್ಲ ಅಂದರೆ ಇನ್ನೆರಡು ಸಲ ಕೂಗಿ ಸುಮ್ಮನಾಗುತ್ತೇವೆ. ಓಗೊಡುವುದು ಅನ್ನುತ್ತಾರಲ್ಲ, ಅದು. ಗೇಮಿನ ಖುಷಿ ಎಲ್ಲಿದೆ ಅಂತ ಕೇಳಿದರೆ ನಾನು ಈ ಒಂದು ಮಾತನ್ನೇ ಹೇಳುತ್ತೇನೆ. ನಾವು ಏನೋ ಮಾಡಿದೆವು, ಆಟ ಓಗೊಟ್ಟಿತು. ಬೇಗ ಓಗೊಟ್ಟಿತು, ಸುಳ್ಳಿಲ್ಲದೆ ಓಗೊಟ್ಟಿತು, ನಾವು ಬೇರೆ ಥರ ಕೂಗಿದಾಗ ಬೇರೆ ಥರ ಓಗೊಟ್ಟಿತು. ಇದಿದ್ದರೆ ಬರೀ ಚೌಕಗಳ ಆಟವೂ ಸಾಕು. 1980ರ ದಶಕದ ನಡುವೆ ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೋವ್ ಟೆಟ್ರಿಸ್ ಮಾಡಿದರಲ್ಲ, ಅವರ ಕಂಪ್ಯೂಟರಿಗೆ ಚಿತ್ರ ತೋರಿಸುವ ಶಕ್ತಿಯೇ ಇರಲಿಲ್ಲ. ಕೀಬೋರ್ಡಿನ ಬ್ರಾಕೆಟ್ ಗುರುತುಗಳನ್ನು ಜೋಡಿಸಿ ಚೌಕ ಮಾಡಿಕೊಂಡಿದ್ದರು. ಆದರೂ ಜನ ಕೆಲಸ ಬಿಟ್ಟು ಆಡಿದರು. ಗ್ರಾಫಿಕ್ಸ್ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳಬೇಕಾದ್ದು ನನಗೆ ಕಾಣುವುದಿಲ್ಲ.

ಈಗ ನಿಮ್ಮ ಕಾಂಟ್ರಾ ತಗೊಳ್ಳಿ. ಕೊನಾಮಿ ಕಂಪನಿ 1987ರಲ್ಲಿ ಅಂಗಡಿಯ ಯಂತ್ರಕ್ಕೆ ಮಾಡಿ, 1988ರಲ್ಲಿ ಮನೆಯ ಟಿವಿಗೆ ತಂದ ಆಟ. ಅದರಲ್ಲಿ ಬಟನ್ ಒತ್ತಿದ್ದಕ್ಕೂ ಆಳು ಹಾರಿದ್ದಕ್ಕೂ ನಡುವೆ ಏನೂ ಇಲ್ಲ. ಹಾರಿದ ಮೇಲೆ ಗಾಳಿಯಲ್ಲೇ ಅವನನ್ನು ಹಿಂದೆ ಎಳೆಯಬಹುದು. ಎಂಟು ದಿಕ್ಕಿಗೂ ಗುಂಡು ಹಾರಿಸಬಹುದು. ಕೆಳಗಿನ ಬಟನ್ ಒತ್ತಿದರೆ ನೆಲಕ್ಕೆ ಅಂಟಿ ಮಲಗುತ್ತಾನೆ, ತಲೆ ಮೇಲೆ ಗುಂಡು ಹಾದುಹೋಗುತ್ತದೆ. ನಿಜವಾದ ಮನುಷ್ಯ ಗಾಳಿಯಲ್ಲಿ ತಿರುಗಲಾರ. ಆದರೆ ಆಟದಲ್ಲಿ ತಿರುಗಬೇಕು, ಯಾಕೆಂದರೆ ನಮ್ಮ ಮನಸ್ಸು ಆಗಲೇ ತಿರುಗಿರುತ್ತದೆ.

ಒಂದು ಜಿಗಿತವನ್ನು ಚೆನ್ನಾಗಿ ಮಾಡಲು ಎಷ್ಟು ತಲೆ ಓಡಿಸುತ್ತಾರೆ ಅಂತ ಗೊತ್ತಾದರೆ ನಿಮಗೆ ಆಶ್ಚರ್ಯವಾಗಬಹುದು. 2018ರಲ್ಲಿ ಸೆಲೆಸ್ಟ್ ಅಂತ ಒಂದು ಆಟ ಬಂತು. ಒಬ್ಬ ಹುಡುಗಿ ಬೆಟ್ಟ ಹತ್ತುತ್ತಾಳೆ, ಅಷ್ಟೇ. ಅದರಲ್ಲಿ ಬಂಡೆಯ ಅಂಚು ದಾಟಿ ಕಾಲು ಗಾಳಿಗೆ ಬಂದ ಮೇಲೂ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಹಾರುವ ಬಟನ್ ಕೆಲಸ ಮಾಡುತ್ತದೆ. ಲೆಕ್ಕದ ಪ್ರಕಾರ ನೀವು ಬೀಳಬೇಕಿತ್ತು. ಆದರೆ ನೀವು ಅಂಚಿನಲ್ಲೇ ಒತ್ತಿದ್ದೀರಿ ಅಂತ ನಿಮ್ಮ ಮನಸ್ಸು ನಂಬಿರುತ್ತದೆ, ಆಟ ಆ ನಂಬಿಕೆಯನ್ನು ಉಳಿಸುತ್ತದೆ. ಇದಕ್ಕೆ ಕಯೋಟಿ ಟೈಮ್ ಅನ್ನುತ್ತಾರೆ. ಕಾರ್ಟೂನಿನಲ್ಲಿ ಬಂಡೆ ಮುಗಿದ ಮೇಲೂ ಗಾಳಿಯಲ್ಲೇ ಓಡುವ ಪ್ರಾಣಿ ಇದೆಯಲ್ಲ, ಅದರ ಹೆಸರು. ಅದೇ ಥರ, ನೆಲ ಮುಟ್ಟುವುದಕ್ಕೆ ಚೂರು ಮೊದಲೇ ಬಟನ್ ಒತ್ತಿದರೆ ಆಟ ಅದನ್ನು ನೆನಪಿಟ್ಟುಕೊಂಡು, ಕಾಲು ಊರಿದ ಕೂಡಲೇ ಹಾರಿಸುತ್ತದೆ. ಆಡುವವರಿಗೆ ಇದು ಯಾವುದೂ ಕಾಣುವುದಿಲ್ಲ. "ಈ ಆಟದಲ್ಲಿ ಕೈ ಚೆನ್ನಾಗಿ ಕೂರುತ್ತೆ" ಅಂತಾರೆ, ಅಷ್ಟೇ.

ಹೊಡೆಯುವ ಆಟಗಳಲ್ಲಿ ಇನ್ನೊಂದು ಗುಟ್ಟಿದೆ. ಏಟು ಬಿದ್ದ ಕ್ಷಣ ಹೊಡೆದವನೂ ಹೊಡೆಸಿಕೊಂಡವನೂ ಕೆಲವೇ ಫ್ರೇಮ್ (ಪರದೆಯಲ್ಲಿ ಒಂದಾದ ಮೇಲೊಂದು ಬರುವ ಚಿತ್ರ) ಹೊತ್ತು ಕಲ್ಲಿನ ಹಾಗೆ ನಿಂತುಬಿಡುತ್ತಾರೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ಏಟಿಗೆ ತೂಕ ಬರುತ್ತದೆ. ಯಕ್ಷಗಾನದಲ್ಲಿ ವೇಷಧಾರಿ ಧೀಂಗಿಣ ಹಾಕಿ, ಚಂಡೆಯ ಕೊನೇ ಏಟಿಗೆ ಥಟ್ಟನೆ ನಿಲ್ಲುತ್ತಾನಲ್ಲ, ಆ ನಿಲುವಿನಲ್ಲೇ ಇಡೀ ಕುಣಿತದ ಜೋರು ಇರುತ್ತದೆ. ಅದೇ ಲೆಕ್ಕ.

ಈಗ ನಿಮ್ಮ ದೊಡ್ಡ ಗೇಮಿಗೆ ಬರೋಣ. ನನಗೆ ಒಂದು ಅನುಮಾನ ಇದೆ. ನೀವು ಪಿಎಸ್5 ಹಾಕಿರುವುದು ಹಾಲಿನ ದೊಡ್ಡ ಸ್ಮಾರ್ಟ್ ಟಿವಿಗೆ ಅಲ್ವಾ? ಈಗಿನ ಟಿವಿಗಳು ಚಿತ್ರ ಬಂದ ಕೂಡಲೇ ತೋರಿಸುವುದಿಲ್ಲ. ಬಣ್ಣ ತಿದ್ದಿ, ಅಂಚು ಚೂಪು ಮಾಡಿ, ನಡುನಡುವೆ ತಾವೇ ಚಿತ್ರ ಸೇರಿಸಿ ಆಮೇಲೆ ತೋರಿಸುತ್ತವೆ. ಸಿನಿಮಾ ನೋಡುವಾಗ ಇದರಿಂದ ತೊಂದರೆ ಇಲ್ಲ. ಆಟ ಆಡುವಾಗ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡ ಇದರಲ್ಲೇ ಆಗಿಬಿಡಬಹುದು. ಗೇಮ್ ಸೆಕೆಂಡಿಗೆ 30 ಫ್ರೇಮಿನಲ್ಲಿ ಓಡುತ್ತಿದ್ದರೆ ಒಂದೊಂದು ಫ್ರೇಮಿಗೂ 33 ಮಿಲಿಸೆಕೆಂಡ್, ಅದೂ ಸೇರುತ್ತದೆ. ನೀವು ಒತ್ತಿದ್ದು ಈಗ, ಆಳು ಕೈ ಎತ್ತಿದ್ದು ಆಮೇಲೆ. ತಡ ಆಗುತ್ತಿದೆ ಅಂತ ತಲೆಗೆ ಹೊಳೆಯುವುದಿಲ್ಲ, ಕೈಗೆ ಮಾತ್ರ ಕೆಸರಿನಲ್ಲಿ ನಡೆದ ಹಾಗೆ ಆಗುತ್ತದೆ. ನಿಮ್ಮ ಹಳೇ ಡಬ್ಬಾ ಟಿವಿಯಲ್ಲಿ ಈ ತಿದ್ದುವ ಕೆಲಸವೇ ಇಲ್ಲ. ಸಿಗ್ನಲ್ ಬಂದ ಹಾಗೇ ಪರದೆಗೆ ಹೋಗುತ್ತದೆ. ಕಾಂಟ್ರಾ ಅಷ್ಟು ಚುರುಕು ಅನ್ನಿಸಿದ್ದರಲ್ಲಿ ಆ ಟಿವಿಯ ಪಾಲೂ ಇದೆ.

ಹಾಗಾಗಿ ಇವತ್ತೇ ಎರಡು ಕೆಲಸ ಮಾಡಿ. ಟಿವಿಯ ಪಿಕ್ಚರ್ ಸೆಟ್ಟಿಂಗ್ಸಲ್ಲಿ ಗೇಮ್ ಮೋಡ್ ಆನ್ ಮಾಡಿ. ಪಿಎಸ್5 ಸೆಟ್ಟಿಂಗ್ಸಲ್ಲಿ ಗೇಮ್ ಪ್ರೀಸೆಟ್ಸ್ ಅಂತ ಇದೆ, ಅದರಲ್ಲಿ ಪರ್ಫಾರ್ಮೆನ್ಸ್ ಮೋಡ್ ಆರಿಸಿ. ಆ ಸೌಲಭ್ಯ ಇರುವ ಗೇಮುಗಳು ಚಿತ್ರದ ಚಂದ ಸ್ವಲ್ಪ ಕಡಿಮೆ ಮಾಡಿ, ಸಾಮಾನ್ಯವಾಗಿ ಸೆಕೆಂಡಿಗೆ 60 ಫ್ರೇಮಿನ ಹತ್ತಿರ ಓಡುತ್ತವೆ. ಇಷ್ಟಕ್ಕೇ ಕೆಲವು ಆಟಗಳು ಬೇರೆ ಆಟವೇ ಅನ್ನಿಸಿದ್ದನ್ನು ನಾನು ಕಂಡಿದ್ದೇನೆ.

ಆನ್‌ಲೈನ್ ಆಟದಲ್ಲೂ ಇದೇ ತೊಂದರೆ, ಇನ್ನೊಂದು ವೇಷದಲ್ಲಿ. ನಮ್ಮ ಹಳ್ಳಿ ಹುಡುಗರು ಬಿಜಿಎಂಐ ಅನ್ನುವ ಗುಂಡಿನ ಆಟ ಆಡುವಾಗ "ಗೋಡೆ ಹಿಂದೆ ಬಂದಾಗಿತ್ತು, ಆದ್ರೂ ಹೊಡೆದ ಮಾರಾಯ, ಮೋಸ!" ಅಂತ ಕೂಗುವುದು ಕೇಳಿರುತ್ತೀರಿ. ಸಾಮಾನ್ಯವಾಗಿ ಅಲ್ಲಿ ಮೋಸ ಇರುವುದಿಲ್ಲ. ಎಲ್ಲರ ಆಟ ಸೇರುವುದು ದೂರದ ಒಂದು ಕಂಪ್ಯೂಟರಿನಲ್ಲಿ, ಅದೇ ಸರ್ವರ್. ಶತ್ರು ಗುಂಡು ಹಾರಿಸಿದಾಗ ಅವನ ಪರದೆಯಲ್ಲಿ ನೀವು ಎಲ್ಲಿದ್ದಿರಿ ಅಂತ ಸರ್ವರ್ ಸ್ವಲ್ಪ ಹಿಂದಕ್ಕೆ ಹೋಗಿ ನೋಡುತ್ತದೆ. ಅವನಿಗೆ ನೀವು ಇನ್ನೂ ಬಯಲಲ್ಲೇ ಕಾಣುತ್ತಿದ್ದಿರಿ. ಹಾಗಾಗಿ ಗುಂಡು ಬಿತ್ತು. ಹೀಗೆ ಮಾಡದಿದ್ದರೆ ಗುರಿ ಇಟ್ಟು ಹೊಡೆದವನಿಗೆ ಅನ್ಯಾಯ ಆಗುತ್ತದೆ. ಪಿಂಗ್, ಅಂದರೆ ಸರ್ವರಿಗೆ ಸಿಗ್ನಲ್ ಹೋಗಿ ಬರುವ ಹೊತ್ತು, ಕಡಿಮೆ ಇದ್ದರೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹೋಗಿ, ಗುಡ್ಡದ ತುದಿಯ ಎರಡು ಕಡ್ಡಿ ನೆಟ್‌ವರ್ಕ್ ನಂಬಿ ಆಡುವವರಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ಅಂಥ ಕಡೆ ಇರುವವರಿಗೆ ಗುಂಡಿನ ಆಟಕ್ಕಿಂತ ಸರದಿ ಪ್ರಕಾರ ನಡೆಯುವ ಆಟವೋ, ನೆಟ್ ಬೇಡದ ಆಟವೋ ಹೆಚ್ಚು ಖುಷಿ ಕೊಡುತ್ತದೆ ಅಂತ ನಾನು ಯಾವಾಗಲೂ ಹೇಳುತ್ತೇನೆ.

ಕೈ ಆಯಿತು. ನನಗೆ ಇನ್ನೂ ಮುಖ್ಯ ಅನ್ನಿಸುವುದು ಸೋಲು.

ಹೋದ ಮಳೆಗಾಲದಲ್ಲಿ ಅಕ್ಕನ ಮಗಳು ಮನೆಗೆ ಬಂದಿದ್ದಳು. ಹನ್ನೊಂದು ವರ್ಷ. ಸೂಪರ್ ಮಾರಿಯೋ ಬ್ರದರ್ಸ್ ನೋಡೇ ಇರಲಿಲ್ಲ. 1985ರ ಆಟ. ಹಾಕಿಕೊಟ್ಟು, ಏನೂ ಹೇಳದೆ ಪಕ್ಕದಲ್ಲಿ ಕೂತೆ. ಮಾರಿಯೋ ಪರದೆಯ ಎಡಗಡೆ ನಿಂತಿದ್ದಾನೆ, ಬಲಗಡೆ ಖಾಲಿ. ಆದ್ದರಿಂದ ಬಲಕ್ಕೆ ಹೊರಟಳು. ಎದುರಿಗೆ ಅಣಬೆಯಂಥ ಒಂದು ಪ್ರಾಣಿ ಮೆಲ್ಲಗೆ ಬಂತು. ಮುಟ್ಟಿತು, ಸತ್ತಳು. "ಓ" ಅಂದಳು. ಎರಡನೇ ಸಲ ಹಾರಿದಳು. ಹಾರುವಾಗ ಮೇಲಿನ ಪ್ರಶ್ನೆ ಗುರುತಿನ ಪೆಟ್ಟಿಗೆಗೆ ತಲೆ ತಾಗಿ ನಾಣ್ಯ ಬಂತು. ಕಣ್ಣು ಅರಳಿತು. ಇನ್ನೊಂದು ಪೆಟ್ಟಿಗೆಗೆ ತಾನಾಗೇ ಹೊಡೆದಳು. ಒಂದು ಅಣಬೆ ಬಂತು. ಇದೂ ಕೊಲ್ಲುತ್ತೆ ಅಂತ ಹಿಂದೆ ಸರಿದಳು. ಆದರೆ ಆ ಅಣಬೆ ಮುಂದಕ್ಕೆ ಉರುಳಿ, ಕೆಳಗೆ ಬಿದ್ದು, ಕೊಳವೆಗೆ ಬಡಿದು ವಾಪಸ್ ಅವಳ ಕಡೆಗೇ ಬಂತು. ತಪ್ಪಿಸಿಕೊಳ್ಳಲು ಜಾಗ ಇಲ್ಲ. ಮುಟ್ಟಿತು, ಮಾರಿಯೋ ದೊಡ್ಡವನಾದ. ಜೋರಾಗಿ ನಕ್ಕಳು. ಒಂದು ನಿಮಿಷವೂ ಆಗಿರಲಿಲ್ಲ. ಯಾರೂ ಒಂದಕ್ಷರ ಹೇಳಿಕೊಟ್ಟಿರಲಿಲ್ಲ. ಆ ಪೆಟ್ಟಿಗೆ, ಆ ಕೊಳವೆ, ಆ ಅಣಬೆ ಹೀಗೇ ನಡೆಯಲಿ ಅಂತ ನಿಂಟೆಂಡೋ ಕಂಪನಿಯ ಶಿಗೆರು ಮಿಯಾಮೊಟೊ ಮತ್ತು ಅವರ ಜೊತೆಯವರು ಅಳೆದು ಇಟ್ಟ ಜಾಗ ಅದು.

ಆ "ಓ" ಇದೆಯಲ್ಲ, ಅದೇ ನನಗೆ ಬೇಕಾದ್ದು. ಸತ್ತ ಕೂಡಲೇ ಯಾಕೆ ಸತ್ತೆ ಅಂತ ಗೊತ್ತಾಗಬೇಕು. ಗೊತ್ತಾದರೆ ಸೋಲೂ ಒಂದು ಓಗೊಡುವಿಕೆಯೇ. 1980ರಲ್ಲಿ ಪ್ಯಾಕ್‌ಮ್ಯಾನ್ ಮಾಡಿದವರು ತೋರು ಇವಾತಾನಿ. ಅದರಲ್ಲಿ ನಿಮ್ಮನ್ನು ಹಿಡಿಯಲು ಬರುವ ನಾಲ್ಕು ದೆವ್ವಗಳಿಗೆ ಅವರು ನಾಲ್ಕು ಸ್ವಭಾವ ಕೊಟ್ಟರು. ಕೆಂಪು ನೇರ ಬೆನ್ನು ಹತ್ತುತ್ತದೆ. ಗುಲಾಬಿ ನೀವು ಹೋಗುವ ದಿಕ್ಕಿನಲ್ಲಿ ನಾಲ್ಕು ಮನೆ ಮುಂದಕ್ಕೆ ಗುರಿ ಇಟ್ಟು ಅಡ್ಡ ಬರುತ್ತದೆ. ಕಿತ್ತಳೆ ದೂರದಿಂದ ಅಟ್ಟಿಸಿಕೊಂಡು ಬಂದು, ಹತ್ತಿರವಾದ ಮೇಲೆ ತನ್ನ ಮೂಲೆಗೆ ಓಡುತ್ತದೆ. ತಿಳಿನೀಲಿಯದು ನಿಮ್ಮ ಜಾಗ ಮತ್ತು ಕೆಂಪಿನ ಜಾಗ ಎರಡನ್ನೂ ಸೇರಿಸಿದ ಲೆಕ್ಕ. ಮೊದಲು ಎಲ್ಲಾ ಗೋಜಲು. ಆಡುತ್ತಾ ಆಡುತ್ತಾ ಒಂದೊಂದರ ಬುದ್ಧಿ ತಿಳಿಯುತ್ತದೆ. ಆಮೇಲೆ ಸಿಕ್ಕಿಬಿದ್ದರೆ ಅದೃಷ್ಟ ಬೈಯಲು ಬರುವುದಿಲ್ಲ. ಇನ್ನೊಂದು ಸಲ ಆಡೋಣ ಅನ್ನಿಸುತ್ತದೆ.

ಕಷ್ಟ ಇರಬೇಕಾ, ಸುಲಭ ಇರಬೇಕಾ ಅಂತ ಜನ ಜಗಳ ಆಡುತ್ತಾರೆ. ನನ್ನ ಲೆಕ್ಕದಲ್ಲಿ ನೋಡಬೇಕಾದ್ದು ಬೇರೆ. ಸೋತ ಜಾಗದಿಂದ ಮತ್ತೆ ಶುರು ಮಾಡಲು ಎಷ್ಟು ಹೊತ್ತು ಹಿಡಿಯುತ್ತದೆ? ಸೆಲೆಸ್ಟ್‌ನಲ್ಲಿ ಒಂದೇ ಸಂಜೆ ನೂರು ಸಲ ಸತ್ತಿದ್ದೇನೆ. ಸತ್ತ ಕೂಡಲೇ ಅದೇ ಪರದೆಯಲ್ಲಿ ಎದ್ದು ನಿಂತಿರುತ್ತೇನೆ, ಸಿಟ್ಟು ಬರಲು ಪುರುಸೊತ್ತೇ ಇಲ್ಲ. ಇನ್ನೂ ಕಷ್ಟ ಆದವರಿಗೆ ಆಟದ ವೇಗ ತಗ್ಗಿಸಿಕೊಳ್ಳುವ ಅಸಿಸ್ಟ್ ಮೋಡ್ ಇದೆ. ಅದನ್ನು ಹಾಕಿಕೊಂಡು ಆಡಿದರೆ ಒಂದು ಚೂರೂ ಅವಮಾನ ಇಲ್ಲ. ಕಾಂಟ್ರಾದಲ್ಲಿ ಮೂರು ಜೀವ ಸಾಲದೆ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಒತ್ತಿ 30 ಜೀವ ತಗೊಂಡವರು ತಾನೇ ನಾವೆಲ್ಲಾ?

ಇನ್ನು ಮನಸ್ಸು. ಹಾವು ಏಣಿ ಆಟ ದೊಡ್ಡವರಿಗೆ ಬೇಗ ಸಾಕಾಗುತ್ತದೆ. ದಾಳ ಬಿದ್ದಷ್ಟು ನಡೆಯಬೇಕು, ನಮ್ಮದು ಅಂತ ಏನೂ ಇಲ್ಲ. ಅದೇ ಜಗಲಿಯಲ್ಲಿ ಅಜ್ಜಿ ಚೆನ್ನೆಮಣೆ ಹಿಡಿದು ಕೂತರೆ ಮಳೆ ನಿಲ್ಲುವವರೆಗೂ ಏಳುತ್ತಿರಲಿಲ್ಲ. ಹದಿನಾಲ್ಕು ಗುಳಿ, ಒಂದು ಹಿಡಿ ಕಾಳು. ಈ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ, ಆಚೆಯವರಿಗೆ ಏನು ಸಿಗುತ್ತದೆ ಅಂತ ಬೆರಳಿನಲ್ಲೇ ಎಣಿಸುತ್ತಿದ್ದರು. ಎತ್ತಿದ್ದು ತಪ್ಪಾದರೆ ಆ ತಪ್ಪು ಅವರದೇ. ನೀವು ಯಾವುದೇ ಹೊಸ ಗೇಮ್ ನೋಡುವಾಗ ಇದೊಂದು ಕೇಳಿಕೊಳ್ಳಿ: ನಾನು ಆರಿಸಿದ್ದರಿಂದ ಇಲ್ಲಿ ಏನಾದರೂ ಬದಲಾಗುತ್ತಾ?

ನಿಮ್ಮ ದೊಡ್ಡ ಗೇಮ್ ಸೋತಿರುವುದು ಇಲ್ಲೇ ಇರಬೇಕು. ಅದರ ಹೆಸರನ್ನು ನೀವು ಬರೆದಿದ್ದಿರಿ, ಇಲ್ಲಿ ಹಾಕುತ್ತಿಲ್ಲ. ಅಂಥ ಆಟಗಳು ಬೇಕಾದಷ್ಟಿವೆ. ಮ್ಯಾಪ್ ತೆರೆದರೆ ನೂರಾರು ಗುರುತು. ಇಲ್ಲಿ ಪೆಟ್ಟಿಗೆ, ಅಲ್ಲಿ ಶಿಬಿರ, ಇನ್ನೊಂದು ಕಡೆ ಗೋಪುರ. ಒಂದು ಗೆರೆ ತೋರಿಸುತ್ತದೆ, ಅದರ ಮೇಲೆ ಹೋಗಿ ಮುಟ್ಟಿ ಬರಬೇಕು. ಅಂಚೆ ಹಂಚಿದ ಹಾಗೆ. ದಾರಿಯಲ್ಲಿ ಎಂಥಾ ಬೆಟ್ಟ, ಎಂಥಾ ಸೂರ್ಯಾಸ್ತ ಇದ್ದರೂ ನಮ್ಮ ಕಣ್ಣು ಆ ಗೆರೆಯ ಮೇಲೇ ಇರುತ್ತದೆ.

ಮಲೆನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕವಲೇದುರ್ಗಕ್ಕೆ ಹೋಗಿದ್ದೀರಾ? ಕೆಳಗೆ ಗದ್ದೆಯ ಪಕ್ಕ ನಡೆಯುವಾಗ ಮೇಲೇನಿದೆ ಅಂತ ಏನೂ ತಿಳಿಯುವುದಿಲ್ಲ. ಕಲ್ಲು ಹಾಸಿದ ದಾರಿ ಏರಿದರೆ ಒಂದು ಮಹಾದ್ವಾರ. ಇದೇ ಕೋಟೆ ಅಂದುಕೊಂಡು ಒಳಗೆ ಹೋದರೆ ದಾರಿ ತಿರುಗುತ್ತದೆ, ಮತ್ತೊಂದು ಬಾಗಿಲು. ಅದು ದಾಟಿದರೆ ಇನ್ನೊಂದು. ಕೆಳದಿ ಅರಸರು ಅದನ್ನು ಶತ್ರುಗಳನ್ನು ತಡೆಯಲು ಭದ್ರ ಮಾಡಿದ್ದು. ಆದರೆ ಹತ್ತುವವರಿಗೆ ಪ್ರತಿ ತಿರುವಿನಲ್ಲೂ ಒಂದು ಆಸೆ ಹುಟ್ಟುತ್ತದೆ. ಕೊನೆಗೆ ತುದಿಗೆ ಹೋಗಿ ನಿಂತರೆ ಕೆಳಗೆ ವಾರಾಹಿ ಹಿನ್ನೀರು ಕಾಣುತ್ತದೆ. ಅದನ್ನು ಕೆಳಗಿಂದಲೇ ಯಾರಾದರೂ ಫೋಟೋ ಹಿಡಿದು ತೋರಿಸಿದ್ದರೆ ಅಷ್ಟು ಖುಷಿ ಆಗುತ್ತಿತ್ತಾ?

ನಿಂಟೆಂಡೋದವರು 2017ರಲ್ಲಿ ಬ್ರೆತ್ ಆಫ್ ದ ವೈಲ್ಡ್ ಅಂತ ಜೆಲ್ಡಾ ಸರಣಿಯ ಆಟ ತಂದಾಗ ಇದನ್ನೇ ಯೋಚನೆ ಮಾಡಿ ನೆಲ ಕಟ್ಟಿದ್ದರು. ತ್ರಿಕೋನದ ಲೆಕ್ಕ ಅಂತ ಅವರೇ ವಿವರಿಸಿದ್ದಾರೆ. ಎಲ್ಲಿ ನೋಡಿದರೂ ತ್ರಿಕೋನದ ಆಕಾರದ ಗುಡ್ಡ, ಬಂಡೆ, ದಿಬ್ಬ. ತ್ರಿಕೋನ ಎದುರಿಗೆ ಬಂದರೆ ಎರಡೇ ದಾರಿ, ಹತ್ತಬೇಕು ಇಲ್ಲಾ ಸುತ್ತು ಹಾಕಬೇಕು. ಯಾವುದು ಮಾಡಿದರೂ ಹಿಂದೆ ಬಚ್ಚಿಟ್ಟದ್ದು ಸ್ವಲ್ಪ ಸ್ವಲ್ಪವಾಗಿ ಕಾಣುತ್ತದೆ. ಅದರಲ್ಲಿ ಗೋಪುರ ಹತ್ತಿದರೆ ಮ್ಯಾಪಿನಲ್ಲಿ ನೆಲದ ಏರುತಗ್ಗು ಮಾತ್ರ ಬರುತ್ತದೆ. ಮಿಕ್ಕಿದ್ದನ್ನು ನೀವೇ ಎತ್ತರದಲ್ಲಿ ನಿಂತು, ದುರ್ಬೀನು ಹಿಡಿದು, ಅನುಮಾನ ಬಂದ ಕಡೆ ಗುರುತು ಹಾಕಬೇಕು. ಆಗ ಮ್ಯಾಪಿನ ಗುರುತು ನಿಮ್ಮದು. ಮಿಯಾಮೊಟೊ ಚಿಕ್ಕವರಿದ್ದಾಗ ಕ್ಯೋಟೋ ಕಡೆಯ ಹಳ್ಳಿಯಲ್ಲಿ ಗುಡ್ಡ ಅಲೆದು, ಗುಹೆ ಹೊಕ್ಕ ನೆನಪಿನಿಂದ 1986ರ ಮೊದಲ ಜೆಲ್ಡಾ ಹುಟ್ಟಿತು ಅಂತ ಹೇಳಿದ್ದಾರೆ. ಕಾನಿನೊಳಗೆ ಹಾದಿ ತಪ್ಪಿ, ಗೊತ್ತಿಲ್ಲದ ಹಳ್ಳದ ಸಂಕ ದಾಟಿ ಯಾರದೋ ತೋಟದಲ್ಲಿ ಎದ್ದ ನಮ್ಮ ಮಕ್ಕಳಿಗೆ ಆ ಆಟ ಬೇಗ ಮನಸ್ಸಿಗೆ ಹತ್ತುತ್ತದೆ ಅಂತ ನನ್ನ ನಂಬಿಕೆ.

ಆ ಆಟ ನಿಮ್ಮ ಮೆಷಿನ್ನಿಗೆ ಬರುವುದಿಲ್ಲ. ಆದರೆ ನೀವು ತಂದಿರುವ ಗೇಮಿನಲ್ಲೇ ಒಂದು ಪ್ರಯೋಗ ಮಾಡಬಹುದು. ಎಷ್ಟೋ ಗೇಮುಗಳ ಸೆಟ್ಟಿಂಗ್ಸಲ್ಲಿ ಗುರುತು, ಗೆರೆ, ಪುಟ್ಟ ಮ್ಯಾಪ್ ಎಲ್ಲವನ್ನೂ ಆಫ್ ಮಾಡಲು ಬರುತ್ತದೆ. ಆಫ್ ಮಾಡಿ, ಒಂದು ಸಂಜೆ ಯಾವುದೋ ಗುಡ್ಡ ನೋಡಿಕೊಂಡು ಸುಮ್ನೆ ಹೊರಡಿ. ಆಟ ಆಗ ಮಾತಾಡಿದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ, ಡಿಸ್ಕ್ ಇದ್ದರೆ ಮಾರಿಬಿಡಿ. ದುಡ್ಡು ಕೊಟ್ಟಿದ್ದೇನೆ ಅಂತ ಇನ್ನೂ ಎಂಬತ್ತು ಗಂಟೆ ಕೊಡಬೇಡಿ.

ನಿಮ್ಮ ಪತ್ರದಲ್ಲಿ ಇನ್ನೊಂದು ಮಾತಿದೆ. ಅದನ್ನು ನೀವು ಗಮನಿಸಿದಿರೋ ಇಲ್ಲವೋ. ತಮ್ಮ ಬಂದಿದ್ದ ಅಂತ ಬರೆದಿದ್ದೀರಿ. ಕಾಂಟ್ರಾದ ಮೂರನೇ ಹಂತ ನೆನಪಿದೆ ತಾನೇ? ಜಲಪಾತ ಹತ್ತುವುದು. ಒಬ್ಬ ಬೇಗ ಬೇಗ ಮೇಲೆ ಹಾರಿದರೆ ಪರದೆ ಮೇಲಕ್ಕೆ ಸರಿಯುತ್ತದೆ, ಕೆಳಗೆ ಉಳಿದವನು ಸಾಯುತ್ತಾನೆ. ನಾನೂ ನನ್ನ ಅಣ್ಣನೂ ಇದೇ ಹಂತದಲ್ಲಿ ಎಷ್ಟು ಸಲ ಹೊಡೆದಾಡಿಕೊಂಡಿದ್ದೇವೋ. ಮೊದಲು ಜಗಳ. ಆಮೇಲೆ "ನಿಲ್ಲು, ನಾನು ಬರ್ತೀನಿ" ಅನ್ನುವುದು. ಕೊನೆಗೆ ಮಾತೇ ಬೇಡ, ಅವನು ಹಾರಿದ ಸದ್ದಿಗೆ ನಾನೂ ಹಾರುವುದು. ಎಸ್ ಅಕ್ಷರದ ಗನ್ ಹಾರಿ ಬಂದರೆ ಯಾರಿಗೆ ಅಂತ ಕಣ್ಣಲ್ಲೇ ತೀರ್ಮಾನ. ಅಲ್ಲಿ ಓಗೊಟ್ಟಿದ್ದು ಯಂತ್ರ ಒಂದೇ ಅಲ್ಲ, ಪಕ್ಕದಲ್ಲಿ ಕೂತ ಅಣ್ಣನೂ. ಒಂದೇ ಮಂಚದ ಮೇಲೆ ಮೊಣಕೈ ತಾಗಿಸಿಕೊಂಡು ಆಡುವ ಖುಷಿಗೆ ಸಮನಾದದ್ದು ನನಗೆ ಈ ಮೂವತ್ತು ವರ್ಷದಲ್ಲಿ ಸಿಕ್ಕಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಓಗೊಟ್ಟ ಹಾಗೆ ನಟಿಸುವ ಆಟಗಳಿವೆ. ದಿನಾ ಲಾಗಿನ್ ಆದರೆ ಬಹುಮಾನ, ಒಂದು ದಿನ ತಪ್ಪಿದರೆ ಎಲ್ಲಾ ಹೋಯಿತು. ದುಡ್ಡು ಕೊಟ್ಟು ಪೆಟ್ಟಿಗೆ ಒಡೆದರೆ ಒಳಗೆ ಏನು ಬರುತ್ತದೋ ಗೊತ್ತಿಲ್ಲ. ಬಣ್ಣ ಚಿಮ್ಮುತ್ತದೆ, ಸದ್ದು ಬರುತ್ತದೆ, ಆದರೆ ನಿಮ್ಮ ಕೈಚಳಕಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಾಳು ಯಾವಾಗ ಬೀಳುತ್ತದೋ ಗೊತ್ತಿಲ್ಲದಿದ್ದರೆ ಪಾರಿವಾಳ ಬಿಡದೆ ಗುಂಡಿ ಕುಟುಕುತ್ತಲೇ ಇರುತ್ತದೆ ಅಂತ ಸ್ಕಿನ್ನರ್ ಎಂಬ ವಿಜ್ಞಾನಿ ಬಹಳ ಹಿಂದೆಯೇ ತೋರಿಸಿದ್ದರು. ಇಂಥ ಪೆಟ್ಟಿಗೆಗಳು ಜೂಜೇ ಅಂತ ಬೆಲ್ಜಿಯಂ 2018ರಲ್ಲಿ ಹೇಳಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ನಮ್ಮ ಸಂಸತ್ತೂ 2025ರ ಆಗಸ್ಟಿನಲ್ಲಿ ಪಾಸು ಮಾಡಿತು. ನಾಳೆ ಮತ್ತೆ ಆಡಬೇಕು ಅನ್ನಿಸುವುದು ಆಸೆಯಿಂದಲಾ, ಕಳೆದುಕೊಳ್ಳುವ ಹೆದರಿಕೆಯಿಂದಲಾ ಅಂತ ನೋಡಿಕೊಳ್ಳಿ. ಹೆದರಿಕೆ ಅಂದರೆ ಆ ಆಟ ಅಳಿಸಿಹಾಕಿ. ಮನೆಯಲ್ಲಿ ಮಕ್ಕಳು ಆಡುತ್ತಿದ್ದರೂ ಇದನ್ನೇ ಕೇಳಿ.

ಈಗ ಏನು ತಗೋಬೇಕು ಅನ್ನುವುದು. 37ರಲ್ಲಿ ಕೈ ಚುರುಕು ಅಷ್ಟೇನೂ ಕಡಿಮೆಯಾಗಿರುವುದಿಲ್ಲ. ಕಡಿಮೆಯಾಗಿರುವುದು ಹೊತ್ತು. ಅಡಿಕೆ ಕೊಯ್ಯುವ ಕೊನೆಗೌಡರು ಬರುವ ದಿನ, ಔಷಧಿ ಹೊಡೆಯುವ ದಿನ ಎಲ್ಲಾ ಬಿಟ್ಟು, ಮನೆಯವರು ಮಲಗಿದ ಮೇಲೆ ಸಿಗುವುದು ಒಂದು ಗಂಟೆ ಇರಬಹುದು. ನೂರು ಗಂಟೆಯ ಕಥೆಯನ್ನು ವಾರಕ್ಕೊಂದು ಗಂಟೆ ಆಡಿದರೆ ಯಾವ ಬಟನ್ ಯಾವುದಕ್ಕೆ ಅಂತ ನೆನಪು ಮಾಡಿಕೊಳ್ಳುವುದರಲ್ಲೇ ಆ ಗಂಟೆ ಹೋಗುತ್ತದೆ. ಹಾಗಾಗಿ ಒಂದು ಸಲ ಕೂತರೆ ಒಂದು ಸುತ್ತು ಮುಗಿಯುವಂಥದ್ದು ನೋಡಿ. ಹೇಡೀಸ್ 2020ರ ಆಟ. ಒಂದು ಸುತ್ತು ಸುಮಾರು ಅರ್ಧ ಗಂಟೆ, ಸೋತು ಮನೆಗೆ ಬಂದರೂ ಅಲ್ಲಿಯವರ ಮಾತು, ಕಥೆ ಮುಂದುವರಿಯುತ್ತದೆ. ಸೆಲೆಸ್ಟ್ ಬಗ್ಗೆ ಆಗಲೇ ಹೇಳಿದೆ. ಸ್ಟಾರ್‌ಡ್ಯೂ ವ್ಯಾಲಿ ಅಂದರೆ ನೀವು ನಗಬಹುದು, ಹಗಲೆಲ್ಲಾ ತೋಟ, ರಾತ್ರಿಯೂ ತೋಟವಾ ಅಂತ. ಎರಿಕ್ ಬರೋನ್ ಅನ್ನುವವರು ನಾಲ್ಕು ವರ್ಷಕ್ಕೂ ಹೆಚ್ಚು ಒಬ್ಬರೇ ಕೂತು ಮಾಡಿ 2016ರಲ್ಲಿ ತಂದ ಆಟ ಅದು. ಅದರಲ್ಲಿ ಒಂದು ಗಡ್ಡೆ ನೆಟ್ಟು ದಿನಾ ನೀರು ಹಾಕಿದರೆ ನಾಲ್ಕೇ ದಿನಕ್ಕೆ ಕೊಯ್ಲು. ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವವರಿಗೆ, ಕೊಳೆರೋಗ ಬಂದು ಫಸಲು ನೆಲಕ್ಕುದುರಿದ್ದು ಕಂಡವರಿಗೆ, ಮಾಡಿದ ಕೆಲಸ ಅಷ್ಟು ಬೇಗ ಓಗೊಡುವುದು ಎಷ್ಟು ಸಮಾಧಾನ ಅಂತ ಆಡಿದ ಮೇಲೇ ತಿಳಿಯುವುದು. ನನಗೆ ಗೊತ್ತಿರುವ ತೋಟದವರೊಬ್ಬರು ಮಳೆಗಾಲ ಪೂರ್ತಿ ಅದನ್ನೇ ಆಡುತ್ತಾರೆ.

ತಮ್ಮನ ಜೊತೆಗೆ ಇಟ್ ಟೇಕ್ಸ್ ಟೂ ತಗೊಳ್ಳಿ. 2021ರದ್ದು, ಒಬ್ಬರೇ ಆಡಲು ಬರುವುದೇ ಇಲ್ಲ. ಒಬ್ಬರ ಕೈಯಲ್ಲಿ ಮೊಳೆ, ಇನ್ನೊಬ್ಬರ ಕೈಯಲ್ಲಿ ಸುತ್ತಿಗೆ, ಹಾಗೆ ಕಟ್ಟಿದ್ದಾರೆ. ಫ್ರೆಂಡ್ಸ್ ಪಾಸ್ ಅಂತ ಇದೆ, ತಮ್ಮನ ಹತ್ತಿರವೂ ಪ್ಲೇಸ್ಟೇಷನ್ ಇದ್ದರೆ ನೀವೊಬ್ಬರು ಕೊಂಡರೆ ಸಾಕು.

ಆದರೆ ಏನನ್ನೂ ಕೊಳ್ಳುವ ಮೊದಲು ನಿಮ್ಮ ಪಿಎಸ್5ನಲ್ಲೇ ಹುಡುಕಿ. ಆಸ್ಟ್ರೋಸ್ ಪ್ಲೇರೂಮ್ ಅಂತ ಒಂದು ಆಟ ಅದರ ಜೊತೆಗೇ ಬಿಟ್ಟಿಯಾಗಿ ಬಂದಿರುತ್ತದೆ. ಬಹಳ ಜನ ಮಕ್ಕಳಾಟ ಅಂತ ಮುಟ್ಟುವುದೇ ಇಲ್ಲ. ಆಡಿ ನೋಡಿ. ಪುಟ್ಟ ರೋಬೋಟ್ ಮರಳಿನ ಮೇಲೆ ನಡೆದರೆ ಕಂಟ್ರೋಲರಿನಲ್ಲಿ ಒಂದು ಥರ, ಮಂಜುಗಡ್ಡೆಯ ಮೇಲೆ ಜಾರಿದರೆ ಇನ್ನೊಂದು ಥರ. ಮಳೆ ಬಂದರೆ ಹನಿ ಹನಿಯಾಗಿ ಅಂಗೈಗೆ ಬೀಳುತ್ತದೆ. ನಾನು ಇಷ್ಟು ಹೊತ್ತು ಹೇಳಿದ್ದು ಅದನ್ನು ಹಿಡಿದ ಹತ್ತು ನಿಮಿಷಕ್ಕೆ ನಿಮ್ಮ ಕೈಗೇ ತಿಳಿಯುತ್ತದೆ.

ಆ ಹಳೇ ಕ್ಯಾಸೆಟ್ ಬಗ್ಗೆಯೂ ಒಂದು ಮಾತು. ಇನ್ನು ಮುಂದೆ ಬಾಯಲ್ಲಿ ಊದಬೇಡಿ. ಉಸಿರಿನ ತೇವಕ್ಕೆ ಪಿನ್ನುಗಳು ಕಿಲುಬು ಹಿಡಿಯುತ್ತವೆ. ಮೆಡಿಕಲ್ ಶಾಪಿನಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಕೇಳಿ ತನ್ನಿ, ಕಡ್ಡಿಗೆ ಹತ್ತಿ ಸುತ್ತಿ ಒದ್ದೆ ಮಾಡಿ ಪಿನ್ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಮತ್ತೆ ಅಟ್ಟಕ್ಕೆ ಮಾತ್ರ ಇಡಬೇಡಿ, ಒಂದು ಮಳೆಗಾಲಕ್ಕೆ ಬೂಸ್ಟು ಬಂದುಬಿಡುತ್ತದೆ. ಗಾಳಿಯಾಡದ ಡಬ್ಬದಲ್ಲಿ, ಹೊಸ ಚಪ್ಪಲಿ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ, ಟಿವಿ ಪಕ್ಕದಲ್ಲೇ ಇಟ್ಟುಕೊಳ್ಳಿ. ತಮ್ಮ ಮುಂದಿನ ಸಲ ಬಂದಾಗ ಹುಡುಕುವ ಕೆಲಸ ಇರುವುದಿಲ್ಲ.